90 ಜನಕ್ಕೆ ಒಬ್ಬರೇ ಜಿಎಫ್

ಸರ್ಕಾರಿ ಪದವಿ ಕಾಲೇಜು ಶುರುವಾಗಿ ಎರಡು ತಿಂಗಳಾಯ್ತು. ಅತಿಥಿ ಉಪನ್ಯಾಸಕರಿಗೆ, ಅಂದರೆ ವರ್ಷ ವರ್ಷ ತಾತ್ಕಾಲಿಕವಾಗಿ ತಗೊಳ್ಳುವ ಮೇಷ್ಟ್ರುಗಳಿಗೆ, ಕಾಲೇಜು ಹಂಚುವ ಕೌನ್ಸೆಲಿಂಗ್ ಮಾತ್ರ ಈ ಸಲವೂ ಮುಂದಕ್ಕೆ ಹೋಗಿದೆಯಂತೆ. ಪೇಪರಿನವರು ಇದನ್ನು ಇನ್ನೂ ಸುದ್ದಿ ಅಂತ ಹಾಕುತ್ತಾರಲ್ಲ, ಅವರ ತಾಳ್ಮೆ ದೊಡ್ಡದು.

ನನ್ನ ತಂಗಿಯ ಮಗಳು ಇಂಥದ್ದೇ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಅವಳ ಮೊಬೈಲಿನಲ್ಲಿ ಟೈಮ್‌ಟೇಬಲ್ಲಿನ ಫೋಟೋ ನೋಡಿದೆ. ಕಾಯಂ ಮೇಷ್ಟ್ರುಗಳ ಜಾಗದಲ್ಲಿ ಇನಿಷಿಯಲ್ ಇದೆ. ಮಿಕ್ಕಿದ್ದೆಲ್ಲ ಜಿಎಫ್-1, ಜಿಎಫ್-2, ಜಿಎಫ್-3. ಗೆಸ್ಟ್ ಫ್ಯಾಕಲ್ಟಿ ಅಂತ. ಯಾರು ಬರುತ್ತಾರೋ ಗೊತ್ತಿಲ್ಲ, ಅದಕ್ಕೆ ಬರೀ ನಂಬರ್.

“ಕ್ಲಾಸ್ ಹೇಗೆ ನಡೀತಿದೆ ಪುಟ್ಟಿ?”

“ಎಲ್ಲಿ ಮಾಮ, 90 ಜನಕ್ಕೆ ಒಬ್ಬರೇ ಜಿಎಫ್. ಅವರೂ ಇನ್ನೂ ಬಂದಿಲ್ಲ.”

ಹಿಂದಿನ ಬೆಂಚಿನ ಹುಡುಗರು ಈ ಜೋಕನ್ನು ಆಗಲೇ ಸವೆಸಿ ಹಾಕಿದ್ದಾರಂತೆ.

ರಾಜ್ಯದಲ್ಲಿ 430 ಚಿಲ್ಲರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2024ರ ಹೊತ್ತಿಗೆ ಅಲ್ಲಿ ಪಾಠ ಮಾಡುತ್ತಿದ್ದ ಅತಿಥಿಗಳು 10 ಸಾವಿರಕ್ಕೂ ಜಾಸ್ತಿ. ಕಾಯಂ ಇದ್ದವರಿಗಿಂತ ಇವರೇ ಹೆಚ್ಚು. ಮನೆಯವರಿಗಿಂತ ನೆಂಟರೇ ಜಾಸ್ತಿ ಇದ್ದರೆ ಅದನ್ನು ಮದುವೆ ಮನೆ ಅನ್ನುತ್ತಾರೆ. ಮದುವೆ ಮನೆಯಲ್ಲಾದರೂ ನೆಂಟರ ಕೈಲಿ ಅಡುಗೆ ಮಾಡಿಸುವುದಿಲ್ಲ. ಕಾಯಂ ನೇಮಕವೇ ಆಗಿಲ್ಲ ಅಂತಲ್ಲ. 1242 ಹುದ್ದೆಗೆ 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿದರು. ಭೂಗೋಳದ ಪ್ರಶ್ನೆಪತ್ರಿಕೆ ಹೊರಗೆ ಬಂದು ಭೂಗೋಳವನ್ನೇ ಸುತ್ತಿತು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಂದರೆ ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು ಅಂತ ಲೆಕ್ಕ ಕೇಳುತ್ತಾರೆ. ಈ ಲೆಕ್ಕ ಸರಿ ಮಾಡೋಕೆ ಎರಡು ದಾರಿ. ಮೇಷ್ಟ್ರನ್ನು ಜಾಸ್ತಿ ಮಾಡಬೇಕು. ಅದಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಇಲ್ಲ, ಮಕ್ಕಳನ್ನು ಕಡಿಮೆ ಮಾಡಬೇಕು. ಅದಕ್ಕೆ ಯಾರ ಸಹಿಯೂ ಬೇಡ. ಎರಡು ತಿಂಗಳು ಸುಮ್ನೆ ಕೂರಿಸಿದರೆ ಅವರೇ ಟಿಸಿ ಕೇಳಿಕೊಂಡು ಬರುತ್ತಾರೆ. ಮೂರು ಮಕ್ಕಳಿಗೆ ಒಬ್ಬ ಮೇಷ್ಟ್ರು ಅನ್ನುವ ಮಟ್ಟಕ್ಕೆ ಬಂದರೆ ಫಾರಿನ್ನಿನವರೂ ನೋಡಿಕೊಂಡು ಹೋಗಬೇಕು, ಹಾಗಿರುತ್ತದೆ. ಆಮೇಲೆ ಮಕ್ಕಳೇ ಇಲ್ಲ ಅಂತ ವಿಭಾಗ ಮುಚ್ಚಿದರಾಯ್ತು.

ಇಂಥ ಜಾಣತನ ಹೊಸದೇನಲ್ಲ. 2022ರ ಜನವರಿಯಲ್ಲಿ ಅತಿಥಿಗಳ ತಿಂಗಳ ದುಡ್ಡು 11-13 ಸಾವಿರ ಇದ್ದದ್ದನ್ನು 26ರಿಂದ 32 ಸಾವಿರಕ್ಕೆ ಏರಿಸಿದರು. ಒಳ್ಳೆಯದೇ. ಜೊತೆಗೆ ಇನ್ನು ಮೇಲೆ ವಾರಕ್ಕೆ 15 ಗಂಟೆ ಪಾಠ ಅಂದರು. ಹಾಗಾಗಿ ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಪಾಲಿಗೆ ಬಂತು. ಇನ್ನೊಬ್ಬರು ಮನೆಗೆ. ಅಂದಹಾಗೆ ಇದನ್ನು ಸಂಬಳ ಅನ್ನಬಾರದು, ಗೌರವಧನ ಅನ್ನಬೇಕು. ಸಂಬಳ ಅಂದರೆ ತಿಂಗಳು ತಿಂಗಳು ಕೊಡಬೇಕಾಗುತ್ತೆ.

ನಮ್ಮ ರಸ್ತೆಯಲ್ಲೇ ಒಬ್ಬರಿದ್ದಾರೆ. ಪಿಎಚ್‌ಡಿ ಆಗಿದೆ. 14 ವರ್ಷದಿಂದ ಅತಿಥಿ. ಪ್ರತಿ ವರ್ಷ ಅದೇ ಮಾರ್ಕ್ಸ್ ಕಾರ್ಡುಗಳನ್ನು ಅದೇ ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಸೈಬರ್ ಸೆಂಟರಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ದುಡ್ಡು ಬರುವುದಿಲ್ಲ. ಆಗ ಭಾವನ ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುತ್ತಾರೆ. ಯೂರಿಯಾ ತಗೊಳ್ಳೋಕೆ ಬಂದ ಹಳೇ ಹುಡುಗರು “ನಮಸ್ಕಾರ ಸಾರ್” ಅಂದರೆ ಬಿಲ್ ಬುಕ್ಕಿನಿಂದ ತಲೆ ಎತ್ತುವುದಿಲ್ಲ. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಅತಿಥಿ ಉಪನ್ಯಾಸಕರ ಪಾದಯಾತ್ರೆ ಹೊರಟಿತಲ್ಲ, ಅದರಲ್ಲಿ ಇವರೂ ನಡೆದಿದ್ದರು. ಕೇಳಿದ್ದು ಕಾಯಂ ಮಾಡಿ ಅಂತ. ಸಿಕ್ಕಿದ್ದು ಇನ್ನೊಂದಿಷ್ಟು ಗೌರವಧನ.

ನನಗೂ ತಮಾಷೆ ಮಾಡಿ ಸಾಕಾಯ್ತು ಕಣ್ರೀ. 14 ವರ್ಷ ಪಾಠ ಮಾಡಿದವರನ್ನು ಪ್ರತಿ ಸಲ “ನೀವ್ಯಾರು, ಅರ್ಜಿ ಹಾಕಿ” ಅನ್ನೋಕೆ ನಾಚಿಕೆ ಬೇಡವಾ? ಖಾಲಿ ಕ್ಲಾಸಿನಲ್ಲಿ ಕೂರುವುದು ಮಂತ್ರಿಗಳ ಮಕ್ಕಳಲ್ಲ. ಬೆಳಗ್ಗೆ 7ರ ಬಸ್ಸಿಗೆ ಹಳ್ಳಿಯಿಂದ ನಿಂತುಕೊಂಡು ಬರುವ ಹುಡುಗಿಯರು. ಅವರು ಫೀಸು ಕಟ್ಟುವುದನ್ನು ಮಾತ್ರ ಯಾರೂ ಮುಂದಕ್ಕೆ ಹಾಕುವುದಿಲ್ಲ.

ನಿನ್ನೆ ಪುಟ್ಟಿ ಇನ್ನೊಂದು ಫೋಟೋ ಕಳಿಸಿದಳು. ಅರ್ಥಶಾಸ್ತ್ರಕ್ಕೆ ಬರುತ್ತಿದ್ದ ಮೇಡಂ ಈ ಸಲ ಅರ್ಜಿಯನ್ನೇ ಹಾಕಿಲ್ಲವಂತೆ, ಬೆಂಗಳೂರಿನಲ್ಲಿ ಕೋಚಿಂಗ್ ಸೆಂಟರ್ ಸೇರಿದರಂತೆ. ನೋಟಿಸ್ ಬೋರ್ಡಿನ ಟೈಮ್‌ಟೇಬಲ್ಲಿನಲ್ಲಿ ಜಿಎಫ್-2 ಪಕ್ಕ ಯಾರೋ ಪೆನ್ನಲ್ಲಿ “ಬ್ರೇಕಪ್” ಅಂತ ಬರೆದಿದ್ದಾರೆ.