ಅರ್ಜಿಗಿಂತ ಮುಂಚೆಯೇ ವಿಲೇವಾರಿ

ಬೆಳಕಿಗಿಂತ ವೇಗವಾಗಿ ಸುದ್ದಿ ಸಾಗಿಸುವ ಜಾಲವು ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿ ಮೊನ್ನೆಗೆ ಒಂದು ವರ್ಷ ತುಂಬಿತು. ಚಂದ್ರ, ಮಂಗಳ ಮತ್ತು ಪ್ರಾಕ್ಸಿಮಾ ಸೆಂಟಾರಿ ಎಂಬ ನೆರೆಯ ನಕ್ಷತ್ರದ ಆಸುಪಾಸಿನಲ್ಲಿ ನೆಲೆ ನಿಂತಿರುವ ನಮ್ಮವರನ್ನೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಬೆಸೆಯುವ ಈ ಜಾಲದ ಕೇಂದ್ರ ಕಚೇರಿಯನ್ನು ಹುಡುಕಿಕೊಂಡು ಹೊರಟಾಗ ನಾನು ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ಅಗೆದು ಮುಚ್ಚದೆ ಬಿಟ್ಟ ಗುಂಡಿಗಳ ಸಾಲು ಬನಶಂಕರಿಯಿಂದಲೇ ನನ್ನನ್ನು ಕೈಹಿಡಿದು ನಡೆಸಿತು. ಬಾಗಿಲ ಮೇಲೆ ‘ಅನುಗಾಲವೂ ಸಂಪರ್ಕದಲ್ಲಿ’ ಎಂಬ ಘೋಷವಾಕ್ಯವನ್ನು ಹಿತ್ತಾಳೆಯ ಅಕ್ಷರಗಳಲ್ಲಿ ಕೂರಿಸಿದ್ದರು. ಅದರ ಕೆಳಗೆ ಕೈಬರಹದ ಚೀಟಿಯೊಂದನ್ನು ಅಂಟಿಸಿದ್ದರು: ‘ಊಟದ ನಂತರ ಬನ್ನಿ.’

ಇಂಥದೊಂದು ಜಾಲದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡಿದರೂ ಚಂದ್ರನನ್ನು ಮುಟ್ಟಲು ಅದಕ್ಕೆ ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬೇಕು. ಮಂಗಳ ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22 ನಿಮಿಷ ಬೇಕು. ಪ್ರಾಕ್ಸಿಮಾ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ. ಅಲ್ಲಿರುವ ಮಗಳಿಗೆ ತಾಯಿ ‘ಊಟ ಆಯ್ತೇನೇ?’ ಎಂದು ಕೇಳಿದರೆ, ‘ಆಯ್ತಮ್ಮ, ನಿಂದು?’ ಎಂಬ ಮಾತು ಹಿಂದಿರುಗುವ ಹೊತ್ತಿಗೆ ಎಂಟೂವರೆ ವರ್ಷ ಕಳೆದು, ಯಾವ ಊಟದ ಮಾತು ಎಂಬುದೇ ತಾಯಿಗೆ ಮರೆತುಹೋಗಿರುತ್ತದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಕಕ್ಷೆ ಸೇರಿದಾಗ ಅದರ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಹಿಡಿದಿತ್ತು. ಇಂಥ ದೂರದ ಮಾತನ್ನು ಕೇಳಿಸಿಕೊಳ್ಳಲೆಂದೇ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾ ಕುಳಿತಿದೆ. ಆ ಬ್ಯಾಲಾಳಿನಿಂದ ಹೊರಟು ಮೈಸೂರು ರಸ್ತೆಯಲ್ಲಿ ಬಸ್ಸು ಹಿಡಿದವನು ಮೆಜೆಸ್ಟಿಕ್ಕನ್ನು ಎಷ್ಟು ನಿಮಿಷದಲ್ಲಿ ಮುಟ್ಟುತ್ತಾನೆಂಬುದನ್ನು ಮಾತ್ರ ಯಾವ ವಿಜ್ಞಾನಿಯೂ ಮುಂಚಿತವಾಗಿ ಹೇಳಲಾರ.

ಆದರೆ ಈ ವಿಳಂಬದಿಂದ ಎಲ್ಲರಿಗೂ ತೊಂದರೆಯಾಗಿತ್ತೆಂದು ಭಾವಿಸಬಾರದು. ವಸಾಹತುಗಳ ಅಹವಾಲು ಸ್ವೀಕರಿಸುವ ವಿಭಾಗಕ್ಕೆ, ಬೆಳಕನ್ನು ಯಾವ ಸುದ್ದಿಯೂ ಹಿಂದಿಕ್ಕಲಾರದೆಂದ ಐನ್‌ಸ್ಟೈನ್ ಮಹಾಶಯರೇ ಮನೆದೇವರಾಗಿದ್ದರು. ಕಡತವೊಂದು ಮೇಜಿನ ಮೇಲೆ ನಾಲ್ಕು ವರ್ಷ ಬಿದ್ದಿದ್ದರೆ ಅದು ಬಿದ್ದಿದ್ದಲ್ಲ, ಭೌತನಿಯಮಕ್ಕೆ ಒಳಪಟ್ಟು ಪ್ರಯಾಣದಲ್ಲಿದ್ದದ್ದು ಎಂದು ಟಿಪ್ಪಣಿ ಬರೆಯಬಹುದಾಗಿತ್ತು. ಮೇಲಧಿಕಾರಿಗಳು ಅದನ್ನು ಅನುಮೋದಿಸುತ್ತಲೂ ಇದ್ದರು. ಹೀಗಾಗಿ ಜಾಲ ಉದ್ಘಾಟನೆಯಾದ ದಿನ ಆ ವಿಭಾಗದಲ್ಲಿ ಸೂತಕದ ಕಳೆ ಕವಿದಿತ್ತೆಂದು ಕೇಳಿದ್ದೇನೆ.

ಜಾಲದ ತಂತ್ರಜ್ಞಾನವನ್ನು ವಿವರಿಸುವ ಕೈಪಿಡಿಯನ್ನು ನಾನು ಶ್ರದ್ಧೆಯಿಂದ ಓದಿದ್ದೇನೆ. ಬೆಳಕಿಗಿಂತ ವೇಗದ ಕಣಗಳಿರಲು ಸಾಪೇಕ್ಷತಾ ಸಿದ್ಧಾಂತದ ಅಡ್ಡಿಯಿಲ್ಲವೆಂದು 1962ರಲ್ಲಿ ವಾದಿಸಿದ ಮೂವರಲ್ಲಿ ಇ.ಸಿ.ಜಿ. ಸುದರ್ಶನ್ ಒಬ್ಬರು, ಅವರು ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ಮಾಡಿದವರು, ಆದ್ದರಿಂದ ಜಾಲವು ಬೆಂಗಳೂರಿನ ಜನ್ಮಸಿದ್ಧ ಹಕ್ಕು ಎಂದು ಮೊದಲ ಅಧ್ಯಾಯ ಸಾಧಿಸುತ್ತದೆ. ಆ ಕಣಗಳಿಗೆ ಟ್ಯಾಕಿಯಾನ್ ಎಂಬ ಹೆಸರು 1967ರಲ್ಲಿ ಬಂದಿತೆಂದೂ, ಒಂದನ್ನಾದರೂ ಯಾರೂ ಕಂಡಿಲ್ಲವೆಂದೂ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಹೇಳಿದ್ದಾರೆ. ಸಮಿತಿಯ ಪ್ರತಿಭೆ ಬೆಳಗಿರುವುದು ಎರಡನೆಯ ಅಧ್ಯಾಯದಲ್ಲಿ. 2011ರಲ್ಲಿ ಜಿನೀವಾದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್ ನೆಲದೊಳಗೆ ಹಾಯ್ದುಹೋದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮುಂಚೆ ತಲುಪಿದಂತೆ ಕಂಡು ವಿಜ್ಞಾನಲೋಕವೇ ಬೆಚ್ಚಿಬಿದ್ದಿತ್ತು. ಮರುವರ್ಷ ತಪಾಸಣೆ ಮಾಡಿದಾಗ ಆಪ್ಟಿಕಲ್ ಫೈಬರ್ ಕೇಬಲ್ಲೊಂದನ್ನು ಸರಿಯಾಗಿ ಬಿಗಿಯದೆ ಇದ್ದದ್ದೇ ಅದಕ್ಕೆ ಮುಖ್ಯ ಕಾರಣವೆಂದು ತಿಳಿಯಿತು. ಕೇಬಲ್ಲನ್ನು ಬಿಗಿಯಾಗಿ ಕೂರಿಸಬೇಕೆಂಬ ಪಾಠವನ್ನು ಯುರೋಪಿನವರು ಕಲಿತರು. ಸಡಿಲ ಬಿಟ್ಟರೆ ಬೆಳಕನ್ನೇ ಹಿಂದಿಕ್ಕಬಹುದೆಂಬ ಪಾಠವನ್ನು ನಮ್ಮ ತಾಂತ್ರಿಕ ಸಮಿತಿ ಕಲಿಯಿತು. ಒಂದೇ ಒಂದು ಕೇಬಲ್ ಸಡಿಲವಾದದ್ದರಿಂದ 60 ನ್ಯಾನೊಸೆಕೆಂಡು ಲಾಭವಾಗುವುದಾದರೆ, ಜಯನಗರದ ಮರದಿಂದ ಮರಕ್ಕೆ ತೋರಣದಂತೆ ಇಳಿಬಿದ್ದಿರುವ, ಯಾರಿಗೆ ಸೇರಿದ್ದೆಂದು ಯಾರಿಗೂ ಗೊತ್ತಿಲ್ಲದ, ಆಗಾಗ ಪಾದಚಾರಿಗಳ ಕೊರಳಿಗೆ ಹಾರವಾಗಿ ಬೀಳುವ ಸಾವಿರಾರು ಕೇಬಲ್ಲುಗಳಿಂದ ಎಷ್ಟು ವರ್ಷ ಲಾಭವಾದೀತೆಂದು ತ್ರೈರಾಶಿಯಲ್ಲಿ ಲೆಕ್ಕ ಹಾಕಿ, ಪ್ರಾಕ್ಸಿಮಾಕ್ಕೆ ಸಾಕಾಗಿ ಮಿಗುತ್ತದೆಂದು ಅದು ವರದಿ ಸಲ್ಲಿಸಿತು. ಕೇಬಲ್ಲುಗಳೆಲ್ಲ ಮರದ ಮೇಲೆಯೇ ಇರುವಾಗ ರಸ್ತೆ ಅಗೆದದ್ದೇಕೆ ಎಂದು ನಾನು ವಿಚಾರಿಸಿದೆ. ಅದು ಬೇರೆ ಟೆಂಡರ್ ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪ್ರಾಕ್ಸಿಮಾದಿಂದ ಕಚೇರಿಯ ನೆಲಮಹಡಿಗೆ ಕ್ಷಣಮಾತ್ರದಲ್ಲಿ ಬಂದಿಳಿದ ಸಂದೇಶವನ್ನು ಅಲ್ಲಿ ಮುದ್ರಿಸಿ, ಮೊಹರು ಒತ್ತಿ, ಆವಕ ವಹಿಯಲ್ಲಿ ಬರೆದುಕೊಂಡು, ಟ್ಯಾಗು ಕಟ್ಟಿ ಮೂರನೆಯ ಮಹಡಿಗೆ ಮುಟ್ಟಿಸಲು ಎರಡು ವಾರ ಹಿಡಿಯುತ್ತಿತ್ತು. ಲಿಫ್ಟ್ ದುರಸ್ತಿಯಲ್ಲಿತ್ತು.

ಈ ಸಂಕಟಕ್ಕೆ ಪರಿಹಾರವೂ ಭೌತವಿಜ್ಞಾನದಿಂದಲೇ ಬಂದಿತು. ಐನ್‌ಸ್ಟೈನರ 1905ರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ನನ್ನ ‘ಈಗ’ ಮತ್ತು ನನ್ನಿಂದ ವೇಗವಾಗಿ ದೂರ ಸರಿಯುತ್ತಿರುವ ನೌಕೆಯವರ ‘ಈಗ’ ಒಂದೇ ಅಲ್ಲ. ಆದಕಾರಣ ಬೆಳಕನ್ನು ಹಿಂದಿಕ್ಕುವ ಮಾತನ್ನು ಅಂಥ ನೌಕೆಯ ಮೂಲಕ ತಿರುಗಿಸಿ ಕಳಿಸಿದರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದು ಬಾಗಿಲಲ್ಲಿ ನಿಲ್ಲಬಹುದು. ವಿಜ್ಞಾನಿಗಳು ಇದನ್ನು ಅಸಂಬದ್ಧವೆಂದು ಕರೆದು, ಇಂಥ ಜಾಲ ಸಾಧ್ಯವಿಲ್ಲ ಎನ್ನುವುದಕ್ಕೆ ಇದನ್ನೇ ಪುರಾವೆಯಾಗಿ ತೋರಿಸುತ್ತ ಬಂದಿದ್ದಾರೆ. ಅಹವಾಲು ವಿಭಾಗದವರಿಗೆ ಮಾತ್ರ ಇದರಲ್ಲಿ ಅಸಂಬದ್ಧವಾದದ್ದೇನೂ ಕಾಣಲಿಲ್ಲ, ಏಕೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಅದರ ಬಿಲ್ಲನ್ನೂ ಪಾಸು ಮಾಡಿಸಿಕೊಂಡ ಅನುಭವ ಅವರಿಗೆ ಮೊದಲಿನಿಂದಲೂ ಇತ್ತು. ‘ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ’ ಎಂಬ ಸಂದೇಶವು ಮಂಗಳದ ಬೀದಿದೀಪಗಳು ಕೆಡುವುದಕ್ಕೆ ವಾರ ಮೊದಲೇ ಅಲ್ಲಿನವರಿಗೆ ತಲುಪತೊಡಗಿತು. ವಿಭಾಗದ ಸೂತಕ ಕಳೆಯಿತು. ಸಕಾಲ ಕಾಯ್ದೆಯ ಪ್ರಕಾರ ನಿಗದಿತ ಅವಧಿ ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕಷ್ಟೆ. ತಡವಾದದ್ದಕ್ಕೆ ದಿನಕ್ಕೆ 20 ರೂಪಾಯಿ ಕೊಡಬೇಕಾದರೆ, ಮೊದಲೇ ಮುಗಿಸಿಕೊಟ್ಟದ್ದಕ್ಕೆ ದಿನಕ್ಕೆ 20 ರೂಪಾಯಿಯನ್ನು ಅರ್ಜಿದಾರನಿಂದ ವಸೂಲು ಮಾಡುವುದೇ ನ್ಯಾಯವೆಂಬ ಪ್ರಸ್ತಾವವೊಂದು ಲೆಕ್ಕಪತ್ರ ಶಾಖೆಯಿಂದ ಮೇಲಕ್ಕೆ ಹೋಗಿದೆ. ಈ ವಸೂಲಿಗೆ ಗರಿಷ್ಠ ಮಿತಿಯನ್ನು ಯಾರೂ ಸೂಚಿಸಿಲ್ಲ.

ನಮ್ಮ ಬೀದಿಯಲ್ಲಿದ್ದ ನಿವೃತ್ತ ಗಣಿತ ಮೇಷ್ಟ್ರು ಈಗ ಮಗಳ ಜೊತೆ ಪ್ರಾಕ್ಸಿಮಾದಲ್ಲಿದ್ದಾರೆ. ಪಿಂಚಣಿ ಬರಬೇಕಾದರೆ ಅವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಹಿಂದೆ ಆ ಪತ್ರ ಇಲ್ಲಿಗೆ ಬರಲು ನಾಲ್ಕೂಕಾಲು ವರ್ಷ ಹಿಡಿಯುತ್ತಿದ್ದುದರಿಂದ, ಅದು ಮೇಷ್ಟ್ರು ಆಗ ಬದುಕಿದ್ದರೆಂಬುದಕ್ಕಷ್ಟೇ ಪುರಾವೆಯೆಂದು ತಿರಸ್ಕೃತವಾಗುತ್ತಿತ್ತು. ಈ ತರ್ಕದಲ್ಲಿ ದೋಷವಿಲ್ಲವೆಂದು ಸ್ವತಃ ಮೇಷ್ಟ್ರೇ ಒಪ್ಪಿಕೊಂಡಿದ್ದರು. ಈ ವರ್ಷ ಪತ್ರವು ಜಾಲದ ಮೂಲಕ, ಅವರು ಸಹಿ ಹಾಕುವುದಕ್ಕೆ ಒಂಬತ್ತು ದಿನ ಮೊದಲೇ ಕಚೇರಿ ಸೇರಿತು. ಅವರ ಪರವಾಗಿ ವಿಚಾರಿಸಲು ಹೋದ ನನಗೆ ಗುಮಾಸ್ತರು ಕುರ್ಚಿ ಕೊಟ್ಟು ಸಮಾಧಾನವಾಗಿಯೇ ವಿವರಿಸಿದರು.

“ನೋಡಿ ಸಾರ್, ಫೋಟೊ ಇದೆ, ಸಹಿ ಇದೆ, ಎಲ್ಲ ಸರಿಯಾಗಿದೆ. ಆದರೆ ಸಹಿಯ ಕೆಳಗಿರುವ ದಿನಾಂಕ ಮುಂದಿನ ಶುಕ್ರವಾರದ್ದು. ಅಲ್ಲಿಯವರೆಗೆ ಮೇಷ್ಟ್ರು ಇರುತ್ತಾರೆ ಅನ್ನುವುದಕ್ಕೆ ಏನು ಗ್ಯಾರಂಟಿ?”

“ಶುಕ್ರವಾರ ಅವರು ಸಹಿ ಹಾಕಿರುವುದರಿಂದಲೇ ಅಲ್ಲವೇ ಈ ಪತ್ರ ನಿಮ್ಮ ಕೈಯಲ್ಲಿರುವುದು?”

“ಅದು ನೀವು ಹೇಳುವ ಮಾತು ಸಾರ್. ನಾಳೆ ಆಡಿಟ್‌ನವರು ಕೇಳಿದರೆ ನಾನೇನು ಹೇಳಲಿ? ಶುಕ್ರವಾರದವರೆಗೂ ಬದುಕಿರುತ್ತೇನೆ ಅಂತ ಛಾಪಾ ಕಾಗದದ ಮೇಲೆ ಒಂದು ಮುಚ್ಚಳಿಕೆ ಬರೆದುಕೊಡಲಿ. ನೋಟರಿ ಆಗಿರಬೇಕು. ಮೂಲಪ್ರತಿಯನ್ನೇ ಖುದ್ದಾಗಿ ತಂದುಕೊಡಬೇಕು.”

ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಬರುವ ನೌಕೆಯನ್ನು ಹಿಡಿದರೂ ಮೇಷ್ಟ್ರು ಇಲ್ಲಿ ಇಳಿಯುವ ಹೊತ್ತಿಗೆ ನಮ್ಮ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿರುತ್ತದೆ. ಅಷ್ಟು ವೇಗದಲ್ಲಿ ಪ್ರಯಾಣಿಸುವವರಿಗೆ ಕಾಲ ನಿಧಾನವಾಗಿ ಸರಿಯುವುದರಿಂದ ಅವರ ಲೆಕ್ಕದಲ್ಲಿ ಅದು ಕೆಲವೇ ತಿಂಗಳಾಗಬಹುದು. ನಾನು ಇದನ್ನು ಸಮಾಧಾನದ ಮಾತೆಂದು ಹೇಳಿದೆನಾದರೂ ಗುಮಾಸ್ತರು ಕೂಡಲೇ ಪೆನ್ನಿನ ಮುಚ್ಚಳ ತೆಗೆದು, ದಾರಿಯಲ್ಲಿ ಬದುಕದೆ ಉಳಿಸಿಕೊಂಡ ಅವಧಿಯ ಪಿಂಚಣಿಯನ್ನು ಕಡಿತ ಮಾಡತಕ್ಕದ್ದೆಂದು ಕಡತದ ಅಂಚಿನಲ್ಲಿ ಬರೆದುಕೊಂಡರು.

ನಾನು ಈ ಅಂಕಣ ಬರೆಯಲು ಕೂರುವುದಕ್ಕೆ ಮೂರು ದಿನ ಮೊದಲೇ, ಇದರಲ್ಲಿನ ಆರೋಪಗಳೆಲ್ಲ ನಿರಾಧಾರವೆಂಬ ಸ್ಪಷ್ಟೀಕರಣವು ಜಾಲದ ಕಚೇರಿಯಿಂದ ನನ್ನ ಕೈಸೇರಿದೆ. ಅದರ ಮೊದಲನೆಯ ಅಂಶ ರಸ್ತೆ ಗುಂಡಿಗಳಿಗೆ, ಎರಡನೆಯದು ಮೇಷ್ಟ್ರ ಪಿಂಚಣಿಗೆ ಸಂಬಂಧಿಸಿದ್ದು. ಕಚೇರಿಯ ಹಿಂಭಾಗದ ಕಟ್ಟಡವನ್ನು ರಾಜಕಾಲುವೆಯ ಮೇಲೆ ಕಟ್ಟಲಾಗಿದೆ ಎಂಬ ಲೇಖಕರ ಆಪಾದನೆ ಸತ್ಯಕ್ಕೆ ದೂರವಾದುದು ಎಂಬುದು ಮೂರನೆಯ ಅಂಶ. ರಾಜಕಾಲುವೆಯ ವಿಷಯವನ್ನು ನಾನು ಎತ್ತಿರಲಿಲ್ಲ. ಹಿಂಭಾಗದಲ್ಲಿ ಕಟ್ಟಡವಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ನಾಳೆ ಬೆಳಗ್ಗೆ ಹೋಗಿ ನೋಡಿಕೊಂಡು ಬಂದು ಅದನ್ನೂ ಬರೆಯಬೇಕಾಗಿದೆ, ಏಕೆಂದರೆ ಸರ್ಕಾರಿ ಪತ್ರವೊಂದನ್ನು ಸುಳ್ಳು ಮಾಡುವಷ್ಟು ಉದ್ಧಟತನ ನನಗಿಲ್ಲ.