ಕರೆಂಟ್ ಬರುವುದು ಬೆಳಕಿನಿಂದ, ಸೆಕೆಯಿಂದ ಅಲ್ಲ

‘ರಾಯಚೂರು, ಕಲಬುರಗಿಯಷ್ಟು ಸೆಕೆ ಬೆಂಗಳೂರಿನಲ್ಲಿ ಇಲ್ಲ, ಹಾಗಾಗಿ ಇಲ್ಲಿ ಸೋಲಾರ್ ಪ್ಯಾನೆಲ್‌ನಿಂದ ಅಷ್ಟು ಲಾಭವಿಲ್ಲ’ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಸೆಕೆಯಿಂದ ನೀರು ಕಾಯುತ್ತದೆ, ಸರಿ. ಕರೆಂಟ್ ಬರುವುದು ಬೆಳಕಿನಿಂದ. ಬೆಳಕು ಬಿದ್ದಾಗ ಪ್ಯಾನೆಲ್ಲಿನ ಸೆಲ್‌ಗಳ, ಅಂದರೆ ತೆಳು ಸಿಲಿಕಾನ್ ಬಿಲ್ಲೆಗಳ, ಒಳಗಿನ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡು ಒಂದೇ ದಿಕ್ಕಿಗೆ ಹರಿಯುತ್ತವೆ. ಅದು ಡಿಸಿ. ಇನ್ವರ್ಟರ್ ಅದನ್ನು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಮನೆಬಳಕೆಯ ಕರೆಂಟ್, ಮಾಡಿದ ಮೇಲೆ ಫ್ರಿಜ್ಜು, ಮಿಕ್ಸಿ ಎಲ್ಲ ಓಡುತ್ತವೆ.

ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್, ಸೆಲ್ 25 ಡಿಗ್ರಿಯಲ್ಲಿ ಇದ್ದಾಗಿನ ಲೆಕ್ಕ. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಸಾಮಾನ್ಯವಾಗಿ ಶೇ 0.3ರಿಂದ 0.4ರಷ್ಟು ಕಡಿಮೆಯಾಗುತ್ತದೆ. ಸುಡುಬಿಸಿಲಿನಲ್ಲಿ ಸೆಲ್ 60 ಡಿಗ್ರಿ ಮುಟ್ಟಿದರೆ ಹತ್ತರಲ್ಲಿ ಒಂದು ಪಾಲು ಹೋಯಿತು, ಅಲ್ವಾ? ಸುಮಾರು 900 ಮೀಟರ್ ಎತ್ತರದ ನಮ್ಮೂರಿನ ತಂಪು ಇಲ್ಲಿ ಅನುಕೂಲವೇ. ಮಳೆಗಾಲದ ಮೋಡದಲ್ಲಿ ಕರೆಂಟ್ ಇಳಿಯುತ್ತದೆ, ಅದು ಬೇರೆ ಮಾತು.

ಬೆಂಗಳೂರಿನ ನಿಜವಾದ ತೊಂದರೆ ನೆರಳು. ಅದನ್ನು ನೀವು ಬರೆದೇ ಇಲ್ಲ. ನಮ್ಮ ತಾರಸಿಯಲ್ಲಿ ನಾಲ್ಕು ಗಂಟೆ ಹೊತ್ತಿಗೆ ಪಕ್ಕದ ಮನೆ ವಾಟರ್ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬೀಳುತ್ತದೆ. ಬರೀ ಮೂಲೆಗೆ! ಸೆಲ್‌ಗಳನ್ನು ಒಂದಕ್ಕೊಂದು ಸಾಲಾಗಿ ಜೋಡಿಸಿರುತ್ತಾರೆ, ಒಂದರ ಕರೆಂಟ್ ಇನ್ನೊಂದರ ಮೂಲಕವೇ ಹೋಗಬೇಕು, ಹಾಗಾಗಿ ಆ ಪ್ಯಾನೆಲ್ಲಿನ ದೊಡ್ಡ ಪಾಲೇ ಸುಮ್ನೆ ಕೂತುಬಿಡುತ್ತದೆ. ಪ್ಯಾನೆಲ್ ಹಾಕಿಸುವವರು ದಯವಿಟ್ಟು ಮೊದಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಾರಸಿಗೆ ಹೋಗಿ ನೆರಳು ಎಲ್ಲೆಲ್ಲಿ ಬೀಳುತ್ತದೆ ನೋಡಿ. ಡಿಸೆಂಬರ್‌ನಲ್ಲಿ ನೆರಳು ಇನ್ನೂ ಉದ್ದ.