ಪಂಕ್ತಿಯಲ್ಲೊಂದು ಕೊಲೆ ತನಿಖೆ

"ಚೈಲ್ಡನ್ನ ಕೊಂದಿದ್ದು ಯಾರು ಅಂತ ಇನ್ನೂ ಗೊತ್ತಾಗಿಲ್ಲ ಕಣೋ. ಪೇರೆಂಟ್ ಮಾತ್ರ ಎಲ್ಲಾ ಸರಿಯಿದೆ ಅಂತಿದೆ."

ತಿಪಟೂರಿನ ಛತ್ರದ ಎರಡನೇ ಪಂಕ್ತಿಯಲ್ಲಿ ಕೂತು ಫೋನಿನಲ್ಲಿ ಇಷ್ಟು ಹೇಳಿದ್ದೇ ತಡ, ಕೋಸಂಬರಿ ಬಡಿಸುತ್ತಿದ್ದವನ ಸೌಟು ನನ್ನ ಎಲೆಯ ಮೇಲೆ ಹಾಗೇ ನಿಂತುಬಿಟ್ಟಿತು. ಎದುರು ಸಾಲಿನ ಅಜ್ಜಿ "ಶಿವಶಿವಾ" ಅಂದರು. ಪಕ್ಕದಲ್ಲಿದ್ದ ಚಿಕ್ಕಪ್ಪ ಮಾತ್ರ ನೆಟ್ಟಗಾದರು. ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದ ಮೇಲೆ ಇಂಥ ಮಾತು ಕಿವಿಗೆ ಬೀಳದೆ ಒಣಗಿಹೋಗಿದ್ದರು, ಪಾಪ.

"ಯಾವ ಠಾಣೆ ಸರಹದ್ದು?"

"ಮನುಷ್ಯರಲ್ಲ ಚಿಕ್ಕಪ್ಪ. ಪ್ರೋಗ್ರಾಂ. ಒಂದು ಪ್ರೋಗ್ರಾಂ ಇನ್ನೊಂದನ್ನ ಹುಟ್ಟಿಸಿದರೆ ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್."

ನಮ್ಮಲ್ಲಿ ಯಾರು ಕೋಡ್ ಸೇರಿಸಿದರೂ ಸರ್ವರು ತಾನಾಗಿಯೇ ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ, ಹಸಿರೋ ಕೆಂಪೋ ತೋರಿಸುತ್ತದೆ. ಸೋಮವಾರದಿಂದ ಹಸಿರೇ ಹಸಿರು. ಬೆನ್ನು ತಟ್ಟಿಕೊಂಡಿದ್ದೂ ಆಗಿತ್ತು. ಆಮೇಲೆ ಯಾರೋ ಎಣಿಸಿ ನೋಡಿದರೆ 900 ಟೆಸ್ಟುಗಳಲ್ಲಿ ಓಡಿದ್ದು 212! ಟೆಸ್ಟ್ ಓಡಿಸುವ ಚೈಲ್ಡ್ ಅರ್ಧದಲ್ಲೇ ಸತ್ತಿತ್ತು.

"ಸತ್ತವನ ಹೇಳಿಕೆ?"

"ಇಲ್ಲ. ಪ್ರೋಗ್ರಾಂ ನಿಲ್ಲಿಸೋಕೆ ಕಳಿಸೋ ಸಿಗ್ನಲ್‌ಗಳಿವೆ. ಸಿಗ್‌ಟರ್ಮ್ ಆದರೆ ಬಾಗಿಲು ಬಡಿದು ‘ಹೊರಡಪ್ಪ’ ಅನ್ನುತ್ತೆ, ಗಂಟುಮೂಟೆ ಕಟ್ಟಿಕೊಳ್ಳಬಹುದು. ಸಿಗ್‌ಕಿಲ್ ಆದರೆ ಉಸಿರೆತ್ತಲೂ ಬಿಡಲ್ಲ."

"ಸರಿ, ಎಲ್ಲಾ ನೆಟ್ಟಗಿದೆ ಅಂತ ಸಾಕ್ಷಿ ಹೇಳಿದವನು ಯಾರು?"

ನಾಲ್ಕು ಜನ ಇಂಜಿನಿಯರುಗಳಿಗೆ ಹೊಳೆಯದ ಪ್ರಶ್ನೆ. ತೊವ್ವೆಗೆ ತುಪ್ಪ ಬೀಳುತ್ತಿದ್ದಂತೆ ಎಡಗೈಯಲ್ಲೇ ಸ್ಕ್ರಿಪ್ಟ್ ತೆಗೆದೆ. ಟೆಸ್ಟ್ ಓಡಿಸುವ ಸಾಲಿನಲ್ಲಿ ಒಂದು ಪೈಪ್, ಅಂದರೆ ಒಂದು ಪ್ರೋಗ್ರಾಮಿನ ಮಾತನ್ನು ಮುಂದಿನದಕ್ಕೆ ದಾಟಿಸುವ ಕೊಳವೆ; ಅದರಾಚೆ ಟೀ. ಕುಡಿಯುವ ಟೀ ಅಲ್ಲ; ಪರದೆಗೆ ಬಂದದ್ದನ್ನೆಲ್ಲ ಲಾಗಿಗೂ ಬರೆದಿಡುವ ಗುಮಾಸ್ತ. ಸ್ಕ್ರಿಪ್ಟ್ ಓದಿ ನಡೆಸುವ ಶೆಲ್ಲು ಬ್ಯಾಶ್; ಅದರ ಕಾನೂನಿನಲ್ಲಿ ಪೈಪಿನ ಕೊನೆಯಲ್ಲಿ ನಿಂತವನು ಹೇಳಿದ್ದೇ ಫಲಿತಾಂಶ. ಯಜಮಾನ ಸತ್ತುಬಿದ್ದಿದ್ದರೂ ಗುಮಾಸ್ತ "ನನ್ನ ಬರವಣಿಗೆ ಮುಗೀತು, ಸೊನ್ನೆ" ಅಂತ ಷರಾ ಬರೆದು ಹೋಗಿದ್ದ. ಸೊನ್ನೆ ಅಂದರೆ ಹಸಿರು.

ಪೈಪಿನಲ್ಲಿ ಯಾರು ಸೋತರೂ ಬಚ್ಚಿಡದೆ ಹೇಳುವ ಪೈಪ್‌ಫೇಲ್ ಹಾಕಿ ಮತ್ತೆ ಓಡಿಸು ಅಂತ ಗೆಳೆಯನಿಗೆ ಹೇಳಿದೆ. ಹೋಳಿಗೆ ಬರುವಷ್ಟರಲ್ಲಿ ಉತ್ತರ ಬಂತು: 137. ಸಿಗ್ನಲ್ಲಿನಿಂದ ಸತ್ತರೆ 128ಕ್ಕೆ ಸಿಗ್ನಲ್ ನಂಬರು ಕೂಡಿಸಿ ಹೇಳುವುದು ಶೆಲ್ಲಿನ ಪದ್ಧತಿ. 143 ಬಂದಿದ್ದರೆ 15, ಸಿಗ್‌ಟರ್ಮ್. ಇದು 9, ಸಿಗ್‌ಕಿಲ್.

"ಕೊಲೆನೇ ಚಿಕ್ಕಪ್ಪ."

ಚಿಕ್ಕಪ್ಪನ ಮುಖ ಇಷ್ಟಗಲ ಆಯಿತು. "ಹಂಗಾದ್ರೆ ಠಾಣೆ ಡೈರಿ ನೋಡು."

ಲಿನಕ್ಸಿಗೂ ಡೈರಿ ಇದೆ, ಡಿಮೆಸೇಜ್ ಅಂತ. ಅದರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ ಸ್ವಲ್ಪವೂ ನಾಚಿಕೆಯಿಲ್ಲದೆ ತಾನೇ ಬರೆದುಕೊಂಡಿತ್ತು: ಮೆಮೊರಿ ಸಾಲಲಿಲ್ಲ, ಇಂಥವನನ್ನು ಕೊಂದೆ. ಚಿಕ್ಕಪ್ಪನಿಗೆ ಬಿಡಿಸಿ ಹೇಳಿದೆ: ಅನ್ನ ಮುಗಿಯುತ್ತಾ ಬಂತು ಅಂದಾಗ ಭಟ್ಟರು ಒಳಗಿನಿಂದ ಬಂದು, ಪಂಕ್ತಿಯಲ್ಲಿ ಎಲ್ಲರಿಗಿಂತ ಜಾಸ್ತಿ ತಿಂದವನ ರಟ್ಟೆ ಹಿಡಿದು ಎಬ್ಬಿಸಿ ಆಚೆ ಹಾಕಿದ ಹಾಗೆ. ನಾಲ್ಕನೇ ಹೋಳಿಗೆಗೆ ಕೈಚಾಚಿದ್ದ ಚಿಕ್ಕಪ್ಪ ಒಮ್ಮೆ ಅಡುಗೆಮನೆ ಕಡೆ ನೋಡಿದರು.

"ಅಷ್ಟೊಂದು ತಿನ್ನೋ ಹಂಗೆ ಮಾಡಿದ್ದು ಯಾರು? ಹಿಡಿಬೇಕಾದ್ದು ಅವನನ್ನ."

ಅದೂ ಸಿಕ್ಕಿತು. ಟೆಸ್ಟು ಬೇಗ ಮುಗಿಯಲಿ ಅಂತ ಸೋಮವಾರ ಬೆಳಿಗ್ಗೆ ಯಾರೋ 4 ಇದ್ದ ಥ್ರೆಡ್ಡುಗಳನ್ನು, ಅಂದರೆ ಒಟ್ಟಿಗೇ ಓಡುವ ಕೆಲಸದ ಎಳೆಗಳನ್ನು, 16 ಮಾಡಿದ್ದರು. ಗೆಳೆಯ, ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಹಾಕಿ, ಒಂದು ಕ್ಷಣ ಸುಮ್ಮನಿದ್ದು, ನಗುತ್ತಾ ಹೆಸರು ಓದಿದ. ನನ್ನದೇ.

"ಯಾರಂತೋ?" ಚಿಕ್ಕಪ್ಪ ಹತ್ತಿರ ಬಗ್ಗಿದರು.

"ಇಲ್ಲಿ ಸ್ವಲ್ಪ ಮಜ್ಜಿಗೆ ಬರಲಿ!" ಎಂದು ಕೂಗಿದೆ.